ಸಬ್ಬತ್ ದಿನದ ಬೆಚ್ಚನೆ ನೀರು

ಟಾರ್ಕಿಲ್,

“ನಿನ್ನೆಯ ಮೊಟ್ಟೆ ಎಲ್ಲಿ ಹೋಯ್ತು?” ಎಂದು ಬೆಳಿಗ್ಗೆ ಖಾಲಿ ಗೂಡಿನೆದುರು ಒಬ್ಬಳೇ ಗೊಣಗಿದೆ. ಅದು ಬೂದು ಕೋಳಿಯ ಹೊಟ್ಟೆಯಲ್ಲೇ ಸಿಕ್ಕಿಕೊಂಡಿದೆ. ಬಾಲ ಇಳಿಬಿಟ್ಟು, ಕಣ್ಣು ಮುಚ್ಚಿ ತಿಣುಕುತ್ತಿದ್ದಾಳೆ. ಭಾನುವಾರದ ಸಬ್ಬತ್ತಿನಲ್ಲಿ ಕೆಲಸ ಮಾಡಬಾರದೆಂದು ನಿನ್ನೆ ಸಂಜೆಯೇ ನೀರು, ಒಲೆಗೆ ಉರಿಸುವ ಪೀಟ್ ಹೆಂಟೆ ಎಲ್ಲ ಒಳಗೆ ತಂದಿಡುವ ಆತುರದಲ್ಲಿ ಅವಳನ್ನು ನೋಡದೆಯೇ ಗೂಡಿನ ಬಾಗಿಲು ಹಾಕಿದೆ. ತಪ್ಪು ನನ್ನದು.

ನಾನು ಚರ್ಚಿಗೆ ಹೊರಟಿದ್ದೇನೆ, ಇನ್ನು ನೀನೇ ನೋಡಬೇಕು. ಒಲೆಯ ಮೇಲೆ ನೀರು ಬೆಚ್ಚಗಿದೆ. ಬೋಗುಣಿಗೆ ಸುರಿದು, ಅವಳನ್ನು ಹೊಟ್ಟೆ ಮುಳುಗುವಷ್ಟು ಕೂರಿಸು. ಗಡಿಯಾರ ಬೇಡ, ಅಮ್ಮ ಕಲಿಸಿದ ಗೇಲಿಕ್ ಭಾಷೆಯ ಉದ್ದನೆಯ ಕೀರ್ತನೆಯನ್ನು ನಿಧಾನವಾಗಿ ಎರಡು ಸಲ ಹೇಳು, ಅಷ್ಟು ಹೊತ್ತು ಸಾಕು, ಮೈ ಸಡಿಲಾಗಿ ಮೊಟ್ಟೆ ತಾನೇ ಜಾರಬಹುದು. ನಿನ್ನ ಸ್ವರಕ್ಕೆ ಅವಳು ಸುಮ್ಮನಾಗುತ್ತಾಳೆ. ಹೊಟ್ಟೆ ಮಾತ್ರ ಒತ್ತಬೇಡ. ಮೊಟ್ಟೆ ಒಳಗೇ ಒಡೆದರೆ ಅವಳು ಉಳಿಯುವುದಿಲ್ಲ.

ಸಬ್ಬತ್ ದಿನ ಕೆಲಸವೇ ಎನ್ನಬೇಡ. ಇದು ಕರುಣೆ, ಕೆಲಸವಲ್ಲ. ಚಳಿಗಾಲದಲ್ಲಿ ಗೂಡಿಗೆ ನುಗ್ಗಿದ ಆ ಕಳ್ಳ ಪ್ರಾಣಿ ಮಿಂಕ್ ಕಚ್ಚದೆ ಬಿಟ್ಟ ಕೋಳಿ ಇವಳೊಬ್ಬಳೇ.

“ಚರ್ಚಲ್ಲಿ ಪಕ್ಕದ್ಮನೆ ಊಶ್ಚನ್ ಸಿಕ್ತಾನಲ್ಲ ಅಕ್ಕಾ, ನಾಳೆ ಬೆಳಿಗ್ಗೇನೇ ಬಂದು ಕುತ್ತಿಗೆ ತಿರುವಿಕೊಡು ಅನ್ನು. ಸಾರಿಗಾದ್ರೂ ಆಗ್ತಾಳೆ” ಎಂದು ಹಾಸಿಗೆಯಿಂದಲೇ ಕೂಗಿದೆಯಲ್ಲ, ಆಗ ನಾನು ಕೋಟು ಹಾಕಿಕೊಳ್ಳುತ್ತಿದ್ದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ: ಅವನಿಗೆ ನಾನು ಹೇಳುವುದಿಲ್ಲ.