ಕಿಟಕಿಯ ಮೇಲಿನ ಲೋಟ

ಜೂನ್ ೧೦, ಮಂಗಳವಾರ

ನನ್ನ ಮುಖ ನನಗೇ ಬೇಡವಾಗಿದೆ.

ಅತ್ತಮ್ಮನ ಕತ್ತಿನ ಬುಡದ ಮೂಳೆಯ ಮೇಲೆ ಗಂಟು ಕಂಡಾಗ, ಟಿಬಿಯೇ ಎಂದು ನಾನೇ ತೀರ್ಮಾನ ಮಾಡಿ ಅವರ ಲೋಟವನ್ನು ಕಿಟಕಿಯ ಮೇಲೆ ಬೇರೆ ಇಟ್ಟೆ. ಅವರು ತಾವೇ ತೊಳೆದು ಅಲ್ಲೇ ಇಡುತ್ತಿದ್ದರು.

ಇವತ್ತು ರಾಬರ್ಟ್‌ಸನ್‌ಪೇಟೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಟಿಬಿ ಗಿಬಿ ಏನಿಲ್ಲ. ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಎಲ್ಲಿ ಬಿದ್ರಿ?" ಎಂದರು.

"ಬಿದ್ದಿಲ್ಲ ಸ್ವಾಮಿ. ಯುಗಾದೀಲಿ ಸೀಮೆಹಸ ಒದೀತು," ಎಂದರು ಅತ್ತಮ್ಮ.

ಯುಗಾದಿಗೆ ನಾನು ತವರಿನಲ್ಲಿದ್ದೆ. ವಾಪಸು ಬಂದಾಗ ಭುಜ ನೋವು ಎಂದಿದ್ದರು. ಮುಲಾಮು ಕೊಟ್ಟು ಮರೆತುಬಿಟ್ಟೆ. ಮುರಿದ ಮೂಳೆ ಇಟ್ಟುಕೊಂಡೇ ಅವರು ದಿನಾ ಹಾಲು ಕರೆದರು. ನನಗೆ ಕಂಡದ್ದು ಗಂಟು ಮಾತ್ರ.

ಸಂಜೆ ನಮ್ಮ ಲೋಟದಲ್ಲೇ ಅವರಿಗೆ ಕಾಫಿ ಕೊಟ್ಟೆ. ಮುಟ್ಟಲಿಲ್ಲ.

"ನನ್ ಲೋಟ್ದಾಗೇ ಕೊಡಮ್ಮ ಶಶಿ. ಡಾಕ್ಟ್ರು ಏಳಿದ ತಕ್ಷಣ ನಿನ್ ಭಯ ಓಗ್ಬಿಡ್ತದಾ?"

ಕೋಪವಿರಲಿಲ್ಲ, ನಿಜವಾಗಿಯೂ ನನಗಾಗಿ ಕೇಳಿದರು. ಭಯವಿಲ್ಲ ಅತ್ತಮ್ಮ ಎನ್ನಬೇಕಿತ್ತು. ಅದರ ಬದಲು ಕಿಟಕಿಯ ಮೇಲಿನ ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ. ಅವರು ಕುಡಿದು, ತೊಳೆದು, ಮತ್ತೆ ಅಲ್ಲೇ ಇಟ್ಟರು.