ರಿಸಿ ಶಿಖರದ ಆಚೆ ಮನೆಗೆ

ಬುಕೋವಿನಾ, ಪೋಲೆಂಡ್

ಲ್ಯುಬಾ ಅವರಿಗೆ,

ನಾನು ಹಾಂಕಾ. ರಿಸಿ ಶಿಖರದಲ್ಲಿ ನಿಮ್ಮ ಯಜಮಾನರು ಮಾತೂಶ್ ಯಾರನ್ನು ಉಳಿಸಲು ಹೋಗಿ ಜೀವ ಬಿಟ್ಟರೋ, ಆ ಯೆಂದ್ರೆಕ್ ಅವರ ಹೆಂಡತಿ.

ಬಿರುಗಾಳಿಗೆ ಸಿಕ್ಕಿ ನಮ್ಮವರು ಶಿಖರದಲ್ಲಿರುವ ನಮ್ಮೆರಡು ದೇಶಗಳ ಗಡಿಕಲ್ಲಿನ ಕೆಳಗೆ ಕಾಲು ಮುರಿದುಕೊಂಡು ಬಿದ್ದಿದ್ದರು. ಮಾತೂಶ್ ನಿಮ್ಮ ಸ್ಲೊವಾಕಿಯಾ ಕಡೆಯಿಂದ ಹತ್ತಿ ಬಂದು, ತಮ್ಮ ಹಗ್ಗವನ್ನೇ ಇವರ ಸೊಂಟಕ್ಕೆ ಕಟ್ಟಿದರಂತೆ. "ಅಳಬೇಡ ಮಾರಾಯ, ನಮ್ಮ ದೇಶಕ್ಕೇ ಇಳಿಸ್ತೀನಿ. ನಿಮ್ಮ ಕಡೆ ಸೂಪು ಬರೀ ನೀರು!" ಎಂದು ನಗಿಸಿದರಂತೆ. ಇದ್ದ ಒಂದೇ ಹಗ್ಗದಲ್ಲಿ ಇವರನ್ನು ಇಳಿಸಿ, ತಾವು ಬರಿಗೈಯಲ್ಲಿ ಇಳಿಯುವಾಗ ಕಾಲಡಿಯ ಬಂಡೆ ಕಳಚಿತು.

ಇವರ ಕಾಲು ಈಗ ಕೂಡಿದೆ. ಆದರೆ ಊಟಕ್ಕೆ ಕೂತರೂ ಕಿಟಕಿಯಾಚೆ ಆ ಬೆಟ್ಟವನ್ನೇ ನೋಡುತ್ತಾರೆ. ನಿಮ್ಮಲ್ಲಿಗೆ ಹೋಗೋಣ ಅಂದರೆ, "ಯಾವ ಮುಖ ಹೊತ್ಕೊಂಡು ಹೋಗ್ಲಿ ಹಾಂಕಾ?" ಅನ್ನುತ್ತಾರೆ.

ನಿಮಗೆ ಹೆರಿಗೆಯ ದಿನ ತುಂಬುತ್ತಿದೆ ಎಂದು ಕೇಳಿದೆ. ಚಳಿಗಾಲಕ್ಕೆ ಸೌದೆ ಒಡೆಯಲು ಮನೆಯಲ್ಲಿ ಯಾರೂ ಇಲ್ಲವಂತೆ. ಭಾನುವಾರ ಇವರನ್ನು ಕರೆತರಲೇ? ನೀವು ಮಾತಾಡಿಸದಿದ್ದರೂ ಬೇಸರವಿಲ್ಲ. ಕೊಡಲಿ ಎಲ್ಲಿದೆ ಎಂದು ತೋರಿಸಿದರೆ ಸಾಕು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ
ಹಾಂಕಾ