ಎದಿಯಾಗಿನ ತಗ್ಗು

ಜುಲೈ 8, ಮಂಗಳವಾರ

ಇವತ್ತೂ ದಿನಾ ಪೂರ್ತಿ ಸೀರಿ ಮಡಚೂದ ಆತು. ಆಷಾಢದ ಸೇಲ್. ಅಂಗಡ್ಯಾಗ ಕುಂದ್ರಾಕ ಪುರುಸೊತ್ತಿಲ್ಲ. ಮ್ಯಾಲಿನ ರ‍್ಯಾಕಿನಿಂದ ಗಂಟು ಇಳಸೂ ಮುಂದ ಎದಿ ನಡುವ ಚಳಕ್ ಅಂತು. ಸಣ್ಣಾಕಿ ಇದ್ದಾಗಿಂದ ಅಲ್ಲೆ ತಗ್ಗು ಐತಿ, ಎಲುಬು ಒಳಗ ಕುಂತೈತಿ. ನೋವು ಅಂತ ಎಂದೂ ಇರಲಿಲ್ಲ. ಇದು ಹೊಸಾದು.

ಸಂಜೀಕ ನಮ್ಮನಿಯವ್ರ ಫೋನ್. ಲಾರಿ ಸೂರತ್ ದಾಟೇತಂತ.

"ಉಂಡೀ ಏನ ದುರ್ಗಿ?"

"ಹೂನ್ರಿ."

ನೋವಿನ ಮಾತು ಎತ್ತಲಿಲ್ಲ. ಸ್ಟೇರಿಂಗ್ ಹಿಡದವ್ರಿಗೆ ಚಿಂತಿ ಯಾಕ…

ಜುಲೈ 11

ಉಸರು ಎಳಕೊಂಡ್ರ ಚುಚ್ಚತೈತಿ. ಎಡಕ್ಕ ಹೊಳ್ಳಿ ಮಲಗಾಕ ಆಗವಲ್ದು.

ಕಾಲೇಜಿನ್ಯಾಗ ಈ ತಗ್ಗು ಕಾಣಬಾರದಂತ ದುಪಟ್ಟಾಕ ಪಿನ್ ಹಾಕೋತಿದ್ದಾಕಿ ನಾ. ಮದವಿ ಆದ ಹೊಸದಾಗ ಹೆದರಿ ಹೆದರಿ ಅವ್ರಿಗೆ ತೋರಿಸಿದೆ. ಅವ್ರು ಅಲ್ಲೇ ತಲಿ ಇಟ್ಟು, "ನಿನ್ನ ಎದಿ ಬಡಿಯೂದು ಇಲ್ಲಿ ಭಾಳ ಹತ್ರ ಕೇಳಸ್ತೈತಿ" ಅಂದ್ರು.

ಆ ತಲಿ ಭಾರ ಬೇಕಾಗೇತಿ. ನೋವಾದ್ರೂ ಬೇಕು.

ಜುಲೈ 12

ಬಾಜೂ ಕೌಂಟರಿನ ಫಿರದೋಸ ಹಿಡದಬಿಟ್ಲು.

"ಮಾರಿ ಯಾಕ ಬಿಳಚೇತಿ? ಪರಮೇಶಣ್ಣಗ ಹೇಳೀಯೋ ಇಲ್ಲೋ?"

"ನಮ್ಮನಿಯವ್ರು ಊರಿಗೆ ಬಂದ ಮ್ಯಾಲ ಹೇಳ್ತೇನಿ."

"ಅಲ್ಲೀತನಕ ನೋವು ಕಾಯ್ತೈತೇನವಾ?"

ಸ್ಕೂಟಿ ಮ್ಯಾಲ ಕುಂದ್ರಿಸಿಕೊಂಡು ದವಾಖಾನಿಗೆ ಒಯ್ದಳು. ಡಾಕ್ಟರು ಹಾರ್ಟಿನ ಎಕೋ, ಎದಿ ಸ್ಕ್ಯಾನ್ ಮಾಡಸ್ರಿ ಅಂತ ಬರದ್ರು.

ಜುಲೈ 17

ರಿಪೋರ್ಟ್ ಬಂತು. ಎಲುಬು ಹಾರ್ಟ್‌ನ ಎಡಕ್ಕ ಒತ್ತೇತಿ. ಅವಸರ ಇಲ್ಲ, ಆದ್ರ ಆಪರೇಶನ್ ವಿಚಾರ ಮಾಡ್ರಿ ಅಂದ್ರು ಡಾಕ್ಟರು. ಒಳಗ ಸ್ಟೀಲಿನ ಪಟ್ಟಿ ಇಟ್ಟು ಎಲುಬು ಎತ್ತತಾರಂತ. "ಮನಿಯವ್ರನ್ನ ಕರಕೊಂಡು ಬರ್ರಿ."

ಹೊರಗ ಬೆಂಚಿನ ಮ್ಯಾಲ ಕುಂತು ಫೋನ್ ಹಚ್ಚಿದೆ. ಅವ್ರು ಹೊಳ್ಳಿ ಬರೂ ದಾರ್ಯಾಗ ಪುಣೆದಾಗ ಲೋಡ್ ಇಳಸಾಕತ್ತಿದ್ರು. ದನಿ ಕೇಳಿದ ಕೂಡ್ಲೇ ಅಳು ಬಂತು. ಎಲ್ಲಾ ಹೇಳಿಬಿಟ್ಟೆ.

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನೀವು ಗಾಡಿ ಮ್ಯಾಲ ಇದ್ರಿ…"

"ಗಾಡಿ ಲಾಲಸಾಬ ತರ್ತಾನ. ನಾ ಬಸ್ ಹಿಡೀತೇನಿ."

ಲಾಲಸಾಬ ಅವ್ರ ಜೋಡಿ ಡ್ರೈವರ್. ಬ್ಯಾಡ್ರಿ ಅನ್ನಬೇಕಿತ್ತು. ಅನ್ನಲಿಲ್ಲ.

ಜುಲೈ 18, ಮುಂಜಾನೆ

ಬೆಳಗಾವಿ ದಾಟೇನಿ ಅಂತ ಮೆಸೇಜ್ ಬಂದೈತಿ. ಲಗೂನ ಜಳಕಾ ಮಾಡಿದೆ. ನೋವು ಹಂಗ ಐತಿ. ಆಪರೇಶನ್ ಅಂದ್ರ ಹೆದರಿಕಿ. ಇಬ್ರೂ ಕೂಡಿ ಡಾಕ್ಟರ ಹಂತೇಕ ಹೋಗಿ ಮಾತಾಡೂದು. ಅದೆಲ್ಲಾ ಆಮ್ಯಾಲ. ಮದಲ ಅವ್ರ ಮಾರಿ ನೋಡಬೇಕು.

ಚಾ ಮಾಡಾಕ ಹಾಲು ಇಟ್ಟೇನಿ. ಕೆಳಗ ಆಟೋ ನಿಂತ ಸಪ್ಪಳ. ಯಾರೋ ಮೆಟ್ಟಲಾ ಹತ್ತಾಕತ್ತಾರ. ಹೌದು, ಅವ್ರ—